ಸವಳು ಹುಲ್ಲುಗಾವಲಿನಲ್ಲಿ ಯಾವ ಹುಲ್ಲು ಹೋಯಿತು, ಯಾವುದು ಬಂತು? ಹೀಗೆ ಲೆಕ್ಕ ಇಡಿ

ಗುಜರಾತಿನ ಕಛ್‌ಗೆ ಹೋದವರು ಬಿಳಿ ರಣ್‌ನಲ್ಲಿ, ಅಂದರೆ ಉಪ್ಪಿನ ಬಯಲಿನಲ್ಲಿ, ಫೋಟೊ ತೆಗೆದು ವಾಪಸ್ ಬರುತ್ತಾರೆ. ದಾರಿಯಲ್ಲಿ ಸಿಗುವ ಬನ್ನಿ ಹುಲ್ಲುಗಾವಲು ಸುಮಾರು 2,500 ಚದರ ಕಿ.ಮೀ. ಇದೆ, ಇಳಿದು ನೋಡುವವರು ಕಡಿಮೆ. ಅಲ್ಲಿ ಹುಲ್ಲು ಹೋಗಿದ್ದು ಉಪ್ಪಿನಿಂದ ಅಂತ ಸುಮ್ನೆ ಹೇಳಿಬಿಡಬೇಡಿ. ಉಪ್ಪು, ಮೇಯುವ ದನ, ಬಳ್ಳಾರಿ ಜಾಲಿ, ಮೂರನ್ನೂ ಬಿಡಿಸಿ ನೋಡಬೇಕು.

ಮಳೆ ಮುಗಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೋಗಿ. ನೀರು ನಿಲ್ಲುವ ತಗ್ಗಿನಿಂದ ದಿಬ್ಬದವರೆಗೆ ಹಗ್ಗ ಎಳೆಯಿರಿ. ಹತ್ತು ಮೀಟರ್‌ಗೊಂದು ಗೂಟ ಹೊಡೆದು, ಅಲ್ಲಿ ಒಂದು ಮೀಟರ್ ಚೌಕಟ್ಟು ಇಟ್ಟು, ಯಾವ ಗಿಡ ಎಷ್ಟು ಜಾಗ ಹಿಡಿದಿದೆ, ಬರಿ ನೆಲ ಎಷ್ಟು ಅಂತ ಬರೆದುಕೊಳ್ಳಿ. ಬರಿ ನೆಲ ಬರೆಯೋಕೆ ತುಂಬಾ ಜನ ಮರೆಯುತ್ತಾರೆ.

ತಗ್ಗಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಈಲುರೋಪಸ್ ಹುಲ್ಲು ಸಿಕ್ಕರೆ ಎಲೆಯನ್ನು ಬಿಸಿಲಿಗೆ ಹಿಡಿಯಿರಿ, ಮೇಲೆ ಉಪ್ಪಿನ ಸಣ್ಣ ಹರಳು ಕಾಣುತ್ತವೆ. ಬೇರು ಎಳೆದುಕೊಂಡ ಉಪ್ಪನ್ನು ಅದು ಎಲೆಯಿಂದ ಹೊರಹಾಕುತ್ತದೆ. ಪಕ್ಕದ ಸುವೇಡಾ ಅನ್ನೋ ಗಿಡ ಹಾಗಲ್ಲ, ಉಪ್ಪನ್ನು ಒಳಗೇ ಇಟ್ಟುಕೊಂಡು ಎಲೆಯಲ್ಲಿ ರಸ ತುಂಬಿಕೊಳ್ಳುತ್ತದೆ. ಒಂದು ಗೇಣು ಎತ್ತರಕ್ಕೇ ಗಿಡ ಬದಲಾಗಬಹುದು: ದಿಬ್ಬದ ಉಪ್ಪನ್ನು ಮಳೆ ತೊಳೆದು ಕೆಳಗಿಳಿಸುತ್ತದೆ, ತಗ್ಗಿನಲ್ಲಿ ನೀರು ಆರಿ ಉಪ್ಪು ಮೇಲೇ ಉಳಿಯುತ್ತದೆ. ದನಕ್ಕೆ ರುಚಿಸುವ ಡೈಕ್ಯಾಂಥಿಯಂನಂಥ ಹುಲ್ಲನ್ನು ದಿಬ್ಬದ ಕಡೆ ಹುಡುಕಿ.

ಈಗ ಮಣ್ಣು. ಪ್ರತಿ ಚೌಕದಿಂದ ಮೇಲಿನ 15 ಸೆಂ.ಮೀ. ಮಣ್ಣು ತೆಗೆದು ಒಣಗಿಸಿ. ಒಂದು ಪಾಲು ಮಣ್ಣಿಗೆ ಎರಡು ಪಾಲು ಡಿಸ್ಟಿಲ್ಡ್ ವಾಟರ್ ಹಾಕಿ ಕಲಕಿ, ತಿಳಿಯಾದ ಮೇಲೆ ಇಸಿ ಮೀಟರ್ ಅದ್ದಿ (ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಇದರ ರೀಡಿಂಗ್ ಏರುತ್ತದೆ). ‘ಇಸಿ 4 dS/m ದಾಟಿದರೆ ಸವಳು’ ಅನ್ನೋ ಪುಸ್ತಕದ ಲೆಕ್ಕ ಗಟ್ಟಿ ಕೆಸರಿನಿಂದ ತೆಗೆದ ನೀರಿಗೆ. ನಿಮ್ಮ ರೀಡಿಂಗ್ ಅದಕ್ಕಿಂತ ಕಡಿಮೆ ಬರುತ್ತದೆ. ಚೌಕದಿಂದ ಚೌಕಕ್ಕೆ ಎಷ್ಟು ವ್ಯತ್ಯಾಸ ಅಂತ ನೋಡಿದರೆ ಸಾಕು.

ಒಂದೇ ಎತ್ತರದಲ್ಲಿ ಒಂದು ತುಂಡಿಗೆ ಬೇಲಿ ಹಾಕಿ, ಪಕ್ಕದ್ದನ್ನು ಹಾಗೇ ಬಿಡಿ. ಒಳಗೆ ಮಾತ್ರ ಹುಲ್ಲು ಎದ್ದರೆ ಮೇಯಿಸಿದ್ದೇ ಕಾರಣ. ಎರಡೂ ಕಡೆ ಬರೀ ಸುವೇಡಾನೇ ಇದ್ದರೆ ಉಪ್ಪಿನ ಮೇಲೆ ಅನುಮಾನ ಪಡಿ. ಬೇಲಿಗೆ ಮೊದಲು ಅಲ್ಲಿ ದನ ಸಾಕುವ ಮಾಲ್ಧಾರಿಗಳನ್ನು ಕೇಳಬೇಕು, ಅದು ಅವರ ಎಮ್ಮೆ ಮೇಯುವ ಜಾಗ ಅಲ್ವಾ? ಹಿಂದೆ ಯಾವ ಹುಲ್ಲು ಇತ್ತು ಅನ್ನೋದನ್ನೂ ಅವರೇ ಹೇಳಬೇಕು.

ಜಾಲಿ ಇರುವ ಚೌಕಕ್ಕೆ ಬೇರೆ ಪುಟ ಇಡಿ. ರಣ್‌ನ ಉಪ್ಪು ಮುಂದೆ ಬರದಿರಲಿ ಅಂತ 1961ರಿಂದ ಇದನ್ನು ನೆಟ್ಟರು. ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಎಲ್ಲೆಲ್ಲೋ ಹೋಯಿತು. ಕಡಿದ ಕಡೆ ಬೇರು ಸಮೇತ ಕಿತ್ತಿದ್ದಾರಾ ನೋಡಿ, ಬುಡ ಬಿಟ್ಟಿದ್ದರೆ ಒಂದಕ್ಕೆ ನಾಲ್ಕು ಕವಲು ಒಡೆದಿರುತ್ತದೆ.

ಮುಂದಿನ ವರ್ಷ ಅದೇ ತಿಂಗಳು, ಅದೇ ಗೂಟದ ಹತ್ತಿರ ಮತ್ತೆ ಎಣಿಸಿ. ಪ್ರತಿ ಸಲ ಆ ವರ್ಷದ ಮಳೆಯನ್ನೂ ಬರೆದಿಡಿ. ಒಳ್ಳೆ ಮಳೆಯಾದರೆ ಒಂದೇ ಹಂಗಾಮು ಬದುಕುವ ಹುಲ್ಲುಗಳು ಎದ್ದು ಎಲ್ಲಾ ಸರಿಹೋಯಿತು ಅನ್ನಿಸುತ್ತದೆ, ಹಾಗಾಗಿ ಒಂದು ಬರಗಾಲವನ್ನಾದರೂ ನೋಡದೆ ತೀರ್ಮಾನ ಬರೆಯಬೇಡಿ.