ಕೆಡವಬೇಕೆಂದಿದ್ದ ಒಳಛಾವಣಿ ಉಳಿದ ಬಗೆ

ಹಳೆಯ ಚಿತ್ರಮಂದಿರದ ಆ ಅಲಂಕೃತ ಒಳಛಾವಣಿಯನ್ನು ಕೆಡವಿ ಹೊಸದನ್ನು ಹಾಕುವುದೇ ಲೇಸೆಂದು ನೋಡಿದವರೆಲ್ಲ ಹೇಳಿದ್ದರು. ನಾವು ಅದನ್ನೇ ದುರಸ್ತಿ ಮಾಡಿ ಮೂರು ಮಳೆಗಾಲ ಕಳೆದರೂ ಅದು ಕೂದಲೆಳೆಯಷ್ಟೂ ಜಗ್ಗಿಲ್ಲವಾದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಒಳಛಾವಣಿಯ ಪ್ಲಾಸ್ಟರ್ ಹಲಗೆಗಳು ಗಟ್ಟಿಯಾಗಿಯೇ ಇದ್ದವು. ಅವನ್ನು ತೊಲೆಗಳಿಗೆ ತೂಗುಹಾಕಿದ್ದ, ಪ್ಲಾಸ್ಟರಿನಲ್ಲಿ ಅದ್ದಿದ ಸೆಣಬಿನ ಕಟ್ಟುಗಳು ಮಾತ್ರ ಬೆರಳಿಟ್ಟರೆ ಪುಡಿಯಾಗುತ್ತಿದ್ದವು. 2013ರ ಡಿಸೆಂಬರಿನಲ್ಲಿ ಲಂಡನ್ನಿನ ಅಪೊಲೊ ರಂಗಮಂದಿರದಲ್ಲಿ ಪ್ರದರ್ಶನದ ನಡುವೆಯೇ ಛಾವಣಿಯ ಭಾಗ ಕುಸಿದದ್ದು ಇಂಥ ಕಟ್ಟುಗಳು ಜೀರ್ಣವಾಗಿದ್ದರಿಂದಲೇ. ನಮ್ಮಲ್ಲಿ ತೇವದ ಮೂಲ ಹುಡುಕಲು ಎರಡು ತಿಂಗಳು ಹಿಡಿಯಿತು. ನೈಟ್ರೇಟ್ ಫಿಲ್ಮಿನ ಬೆಂಕಿಗೆ ಹೆದರಿ ಅಂದಿನವರು ಪ್ರೊಜೆಕ್ಟರ್ ಕೋಣೆಗೆ ದಪ್ಪ ಗೋಡೆಯನ್ನೂ ಕಿಂಡಿಗಳಿಗೆ ಕಬ್ಬಿಣದ ಮುಚ್ಚಳವನ್ನೂ, ಕಾರ್ಬನ್ ಆರ್ಕ್ ದೀಪದ ಹೊಗೆ ಹೋಗಲು ಮಾಡಿನ ಮೇಲಕ್ಕೆ ಕೊಳವೆಯನ್ನೂ ಇಟ್ಟಿದ್ದರು. ದೀಪ ಬದಲಾದ ಮೇಲೆ ಆ ಕೊಳವೆಯನ್ನು ಯಾರೂ ಮುಚ್ಚಿರಲಿಲ್ಲ. ಮಳೆನೀರು ಅದರ ಹೊರಮೈ ಹಿಡಿದು ನೇರವಾಗಿ ಕಟ್ಟುಗಳ ಮೇಲೆ ಇಳಿಯುತ್ತಿತ್ತು.

ಮೊದಲ ಅಂದಾಜಿನ ಮೂರನೇ ಒಂದು ಪಾಲು ಸಾರುವೆಯ ಬಾಡಿಗೆಗೇ ಹೋಯಿತು. ಮೊದಲ ಕಂತಿನಲ್ಲಿ ಹಾಕಿದ ಸುಮಾರು 60 ಹೊಸ ಕಟ್ಟುಗಳಲ್ಲಿ ಅರ್ಧಕ್ಕರ್ಧ ಒಂದೇ ವಾರದಲ್ಲಿ ಬಿಟ್ಟುಕೊಂಡವು. ಹಲಗೆಯ ಬೆನ್ನಿನ ಮೇಲೆ ದಶಕಗಳ ಧೂಳು ಇತ್ತು, ಒಣಗಿದ ಹಳೆಯ ಪ್ಲಾಸ್ಟರು ಹೊಸದರ ನೀರನ್ನು ಹೀರಿಬಿಡುತ್ತಿತ್ತು. ಸಾಮಾನ್ಯ ಕಬ್ಬಿಣದ ತಂತಿ ಸೇರಿಸಿದ್ದು ನನ್ನದೇ ಮೂರ್ಖತನ. ಹಸಿ ಜಿಪ್ಸಮ್ ಪ್ಲಾಸ್ಟರಿನಲ್ಲಿ ಅದು ತುಕ್ಕು ಹಿಡಿದು ಬಿಳಿಯ ಮೇಲೆ ಕಂದು ಕಲೆ ಒಸರಿತು. ಆ ನಷ್ಟವನ್ನು ನನ್ನ ಕೂಲಿಯಿಂದಲೇ ತುಂಬಿಸಿದೆ.

ಎರಡನೇ ಸಲ ಧೂಳನ್ನು ಯಂತ್ರದಿಂದ ಹೀರಿ, ಬೆನ್ನನ್ನು ಹದವಾಗಿ ನೆನೆಸಿ, ಕೆಳಗಿನಿಂದ ಮೆತ್ತೆ ಹಾಸಿದ ಹಲಗೆಯ ಆನಿಕೆ ಕೊಟ್ಟು, ಸ್ಟೇನ್‌ಲೆಸ್ ತಂತಿಯನ್ನು ಬಟ್ಟೆಯೊಳಗೆ ಸುತ್ತಿ ಕಟ್ಟಿದೆವು. ಪ್ಲಾಸ್ಟರು ಬೇಗ ಹಿಡಿದುಕೊಳ್ಳದಂತೆ ನೀರಿಗೆ ಏನು ಬೆರೆಸಿದೆನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಜಗ್ಗಿದ ಹಲಗೆಗಳನ್ನು ಒಮ್ಮೆಗೇ ಹಳೆಯ ಮಟ್ಟಕ್ಕೆ ಎತ್ತಲು ಹೋಗಬಾರದು; ನಾವು ದಿನಕ್ಕೆ ಎರಡು ಮಿಲಿಮೀಟರಿಗಿಂತ ಹೆಚ್ಚು ಎತ್ತಲಿಲ್ಲ, ಎತ್ತಲಾಗದ ಒಂದು ಮೂಲೆಯನ್ನು ಜಗ್ಗಿದಂತೆಯೇ ಹಿಡಿದು ನಿಲ್ಲಿಸಿದೆವು.

ಕಾಯುವ ದಿನಗಳಲ್ಲಿ ಒಣ ರಬ್ಬರ್ ಸ್ಪಂಜಿನಿಂದ ಮಸಿ ಒರೆಸಿ ನೋಡಿದೆ. ಪ್ರೊಜೆಕ್ಟರ್ ಕಿಂಡಿಯ ಮೇಲೆ ಬೂದುಬಣ್ಣವೆಂದುಕೊಂಡಿದ್ದದ್ದು ತೆಳು ಹಸಿರಾಗಿತ್ತು. ಅಲ್ಲಿ ಒಂದು ಗೇಣು ಮಸಿಯನ್ನು ಒರೆಸದೆ ಉಳಿಸಿದ್ದೇನೆ.

ಕೊನೆಗೆ ನೆಲದ ಮೇಲೆ ಅದೇ ಬಗೆಯ ಐದು ಕಟ್ಟುಗಳನ್ನು ಮಾಡಿ, ಒಂದೊಂದಕ್ಕೂ ಸುಮಾರು 40 ಕಿಲೋ ತೂಗುಹಾಕಿ ಹದಿನೈದು ದಿನ ಬಿಟ್ಟೆ. ಅನುಮಾನಪಟ್ಟಿದ್ದವರೇ ಬಂದು ತೂಕ ಇಳಿಸಿದರು.