ಬೇಟೆ ಹುಳಗಳ ಫೋಟೋ: ಬೆನ್ನಟ್ಟಬೇಡಿ, ಕಾಯಿರಿ

ಮಳೆಗಾಲ ಮುಗಿಯುತ್ತಿದ್ದಂತೆ ಕೆರೆ ಏರಿ, ಗದ್ದೆ ಬದುಗಳಲ್ಲಿ ಏರೋಪ್ಲೇನ್ ಚಿಟ್ಟೆಗಳು ಜಾಸ್ತಿ. ಮ್ಯಾಕ್ರೋ, ಅಂದರೆ ಚಿಕ್ಕ ಜೀವಿಗಳನ್ನು ತೀರಾ ಹತ್ತಿರದಿಂದ ತೆಗೆಯುವ ಫೋಟೋಗ್ರಫಿ ಕಲಿಯುವವರು ಇವುಗಳಿಂದಲೇ ಶುರು ಮಾಡಿ. ಹಾರಿಹೋಯಿತು ಅಂತ ಹಿಂದೆ ಓಡಬೇಡಿ. ಕಡ್ಡಿ ತುದಿಯಲ್ಲಿ ಕೂರುವ ಜಾತಿಗಳು ಸೊಳ್ಳೆಯನ್ನೋ ನೊಣವನ್ನೋ ಹಿಡಿದು ಸಾಮಾನ್ಯವಾಗಿ ಅದೇ ಕಡ್ಡಿಗೆ ವಾಪಸ್ ಬರುತ್ತವೆ. ಬೇರೆ ಹುಳಗಳನ್ನು ಬೇಟೆಯಾಡುವ ನೊಣ ರಾಬರ್ ಫ್ಲೈ ಕೂಡ ಹಾಗೇ. ಕಡ್ಡಿಗೆ ಫೋಕಸ್ ಇಟ್ಟು ಸುಮ್ನೆ ಕೂತುಬಿಡಿ. ಬಾಯಲ್ಲಿ ಊಟ ಇದ್ದಾಗ ಬೇಗ ಜಾಗ ಬಿಡುವುದಿಲ್ಲ, ಆಗ ಒಂದೊಂದೇ ಹೆಜ್ಜೆ ಹತ್ತಿರ ಹೋಗಿ. ನಿಮ್ಮ ನೆರಳು ಮಾತ್ರ ಅದರ ಮೇಲೆ ಬೀಳಬಾರದು.

ಇನ್ನೂ ಸುಲಭ ಬೇಕಾ? ಬಿಸಿಲೇರುವ ಮೊದಲೇ ಹೋಗಿ. ಮೈ ಬಿಸಿಯಾಗದೆ ಅವು ಹಾರಲಾರವು. ರೆಕ್ಕೆ ಮೇಲೆ ಇಬ್ಬನಿ ಸಿಕ್ಕರೆ ನಿಮ್ಮ ಅದೃಷ್ಟ.

ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/8ರಿಂದ ಎಫ್/11, ಫ್ಲ್ಯಾಶ್ ಇದ್ದರೆ ಶಟರ್ ವೇಗ 1/200 ಸೆಕೆಂಡ್. ಫ್ಲ್ಯಾಶ್ ಮುಂದೆ ಪಾರ್ಸೆಲ್‌ನಲ್ಲಿ ಬರುವ ಬಿಳಿ ಫೋಮ್ ಶೀಟ್ ಕಟ್ಟಿ. ಬೆಳಕು ಮೃದುವಾಗಿಸುವ ದುಬಾರಿ ಡಿಫ್ಯೂಸರ್ ಬೇಕಿಲ್ಲ. ಫೋಕಸ್ ಕಣ್ಣಿಗೇ ಇರಲಿ. ಲೆನ್ಸಿನ ಫೋಕಸ್ ರಿಂಗ್ ತಿರುಗಿಸುವ ಬದಲು ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲಿ.

ಸೂರ್ಯನ ಕುದುರೆಯ (ಪ್ರೇಯಿಂಗ್ ಮ್ಯಾಂಟಿಸ್) ಫೋಟೋ ತೆಗೆಯುವಾಗ ಅದರ ಕಣ್ಣಿನ ಕಪ್ಪು ಚುಕ್ಕೆ ನಿಮ್ಮನ್ನೇ ನೋಡುತ್ತಿದೆ ಅನಿಸುತ್ತೆ ಅಲ್ವಾ? ಅದು ಪಾಪೆಯಲ್ಲ. ನಾವು ನೋಡುವ ಕೋನಕ್ಕೆ ತಕ್ಕಂತೆ ಸರಿಯುವ ಭ್ರಮೆ ಅಷ್ಟೇ.

ಹುಳವನ್ನು ಫ್ರಿಜ್‌ನಲ್ಲಿಟ್ಟು ಮಂಕಾಗಿಸಿ ತೆಗೆಯುವವರೂ ಇದ್ದಾರೆ. ದಯವಿಟ್ಟು ಬೇಡ.

ಮತ್ತೆ, ಮಂಡಿಯೂರುವ ಮುಂಚೆ ನೆಲ ನೋಡಿಕೊಳ್ಳಿ. ನಾನೊಮ್ಮೆ ಕೆಂಜಿಗದ ಸಾಲಿನ ಮೇಲೇ ಕೂತಿದ್ದೆ.