ಮನಃಶಾಸ್ತ್ರ ವಿಭಾಗದಲ್ಲಿ ಮೂಲನಿವಾಸಿಗಳ ಜೊತೆ ಸಾಮರಸ್ಯ: ಕೆನಡಾದಲ್ಲಿ ನಾವು ಕೆಲಸ ಮಾಡಿದ ಬಗೆ

ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಸಭೆ ಶುರುವಾಗುವ ಮುಂಚೆ ನಾಲ್ಕು ಸಾಲು ಓದುವ ರೂಢಿ ಬಂದಿದೆ: ಈ ನೆಲ ಇಂಥ ಜನಾಂಗದ್ದು, ಅವರು ಸರ್ಕಾರದ ಜೊತೆ ಮಾಡಿಕೊಂಡ ಇಂಥ ಒಪ್ಪಂದಕ್ಕೆ ಸೇರಿದ್ದು ಅಂತ. ಓದಲಿ, ತಪ್ಪೇನಿಲ್ಲ. ಆದರೆ ಮನಃಶಾಸ್ತ್ರ ವಿಭಾಗವೊಂದು ಮೂಲನಿವಾಸಿಗಳ ಜೊತೆ ಸಂಬಂಧ ಸರಿಮಾಡಿಕೊಳ್ಳಬೇಕಾದರೆ ಕೆಲಸ ಇರುವುದು ಲೆಕ್ಕಪತ್ರ ಶಾಖೆಯಲ್ಲಿ, ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಗೆ ಹಾಕುವ ಅರ್ಜಿಯಲ್ಲಿ, ಪ್ರವೇಶದ ನಿಯಮಗಳಲ್ಲಿ. ನಾವು ಆ ತುದಿಯಿಂದಲೇ ಹಿಡಿದೆವು.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 19ನೇ ಶತಮಾನದ ಕೊನೆಯಿಂದ 1990ರ ದಶಕದವರೆಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಸರ್ಕಾರದ ದುಡ್ಡಿನಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿಶಾಲೆಗಳಿಗೆ ಹಾಕಿದರು. ನಮ್ಮ ಮೊರಾರ್ಜಿ ದೇಸಾಯಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಬೇಡಿ. ಅಲ್ಲಿ ಮಕ್ಕಳು ಮನೆಮಾತು ಆಡಿದರೆ ಶಿಕ್ಷೆ ಕಾದಿರುತ್ತಿತ್ತು. ಈ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ, ಏನೇನು ಮಾಡಬೇಕು ಎಂದು 2015ರಲ್ಲಿ 94 ಕರೆಗಳನ್ನು ಕೊಟ್ಟಿತು. ಈ ಚರಿತ್ರೆಯನ್ನು ಕಡ್ಡಾಯವಾಗಿ ಕಲಿಸಿ ಎನ್ನುವ 24ನೆಯ ಕರೆಯಲ್ಲಿ ವೈದ್ಯಕೀಯ, ನರ್ಸಿಂಗ್ ಶಾಲೆಗಳ ಹೆಸರಿದೆ, ಮನಃಶಾಸ್ತ್ರದ್ದಿಲ್ಲ. ಈ ಸಂದಿಯಲ್ಲಿ ನುಸುಳಿಕೊಳ್ಳುವ ವಿಭಾಗಗಳೂ ಇವೆ. ಅಂಥವರ ಮುಂದೆ 2018ರ ವರದಿ ಇಡಬೇಕು. ಕೆನಡಾದ ಮನಃಶಾಸ್ತ್ರ ಸಂಘವೂ ಮನಃಶಾಸ್ತ್ರ ಪ್ರತಿಷ್ಠಾನವೂ ಸೇರಿ ತಂದ ಆ ವರದಿ, ಮೂಲನಿವಾಸಿಗಳಿಗೆ ಆದ ಹಾನಿಯಲ್ಲಿ ಈ ವೃತ್ತಿಯ ಪಾಲೂ ಇದೆ ಎಂದು ಒಪ್ಪಿಕೊಂಡಿದೆ. ವೃತ್ತಿಯಲ್ಲೋ ಬೋಧನೆಯಲ್ಲೋ ಇರುವ ಮೂಲನಿವಾಸಿ ಮನಃಶಾಸ್ತ್ರಜ್ಞರು ಇಡೀ ದೇಶದಲ್ಲಿ 12ಕ್ಕಿಂತ ಕಡಿಮೆ ಎಂದು ಅಂದಾಜು ಮಾಡಿದ್ದೂ ಅದೇ ವರದಿ.

ಮೊದಲು ದುಡ್ಡಿನ ಮಾತು. ಸಮುದಾಯದ ಹಿರಿಯರೊಬ್ಬರನ್ನು ತರಗತಿಗೆ ಕರೆದರೆ ಅವರಿಗೆ ಕೊಡುವುದು ಗೌರವಧನ, ಕೈಕಾಣಿಕೆಯಲ್ಲ. ಹೊರಗಿನಿಂದ ಬರುವ ಪ್ರೊಫೆಸರ್ ಒಬ್ಬರ ಉಪನ್ಯಾಸಕ್ಕೆ ಎಷ್ಟು ಕೊಡುತ್ತೀರೋ ಅಷ್ಟನ್ನೇ ದರವಾಗಿ ಇಟ್ಟುಕೊಳ್ಳಿ. ಅವರ ಜೊತೆ ಸಹಾಯಕರೊಬ್ಬರು ಬರುವುದು ವಾಡಿಕೆ. ಅವರಿಗೂ ಬೇರೆಯಾಗಿ ಕೊಡಬೇಕು. ಪ್ರಯಾಣ, ಪಾರ್ಕಿಂಗ್, ಊಟ ಇವನ್ನು ಗೌರವಧನದಲ್ಲಿ ಕಳೆಯಬಾರದು. ಇದೆಲ್ಲ ಕೈಗೆ ಸೇರಬೇಕಾದ್ದು ಅದೇ ದಿನ. ಎಡವಟ್ಟಾಗುವುದು ಇಲ್ಲಿಯೇ. ಲೆಕ್ಕಪತ್ರ ಶಾಖೆಯವರು ಹಿರಿಯರನ್ನೂ ಗುತ್ತಿಗೆದಾರರ ಪಟ್ಟಿಗೆ ಸೇರಿಸಿ, ಬ್ಯಾಂಕ್ ವಿವರದ ಫಾರಂ ಕಳಿಸಿ, ವಾರಗಟ್ಟಲೆ ಕಾಯಿಸುತ್ತಾರೆ. ಎಂಬತ್ತರ ಅಜ್ಜಿಯೊಬ್ಬರು ಆನ್‌ಲೈನ್ ಪೋರ್ಟಲ್‌ನಲ್ಲಿ ಪಾಸ್‌ವರ್ಡ್ ಹಾಕುತ್ತಾ ಕೂರಬೇಕಾಗುತ್ತದೆ. ಸೆಮಿಸ್ಟರ್ ಶುರುವಾಗುವ ಮೊದಲೇ ಆ ಶಾಖೆಯ ಮುಖ್ಯಸ್ಥರ ಜೊತೆ ಕೂತು, ಹಿರಿಯರಿಗೆ ಅಂತಲೇ ಪ್ರತ್ಯೇಕ ಪಾವತಿ ಕ್ರಮವನ್ನು ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ: ಮುಂಗಡವಾಗಿ ಚೆಕ್ ತಯಾರಿರಬೇಕು, ಒಂದೇ ಪುಟದ ರಸೀದಿ ಸಾಕು. ತೆರಿಗೆ ಲೆಕ್ಕ ಹೇಗೆ ಎನ್ನುವುದನ್ನೂ ಅವರಿಂದಲೇ ಮುಂಚಿತವಾಗಿ ಕೇಳಿ, ಹಿರಿಯರಿಗೆ ಹೇಳಿಬಿಡಿ. ಹೊಸ ಕೋರ್ಸ್ ಬರೆಯುವುದಕ್ಕಿಂತ ಈ ಒಂದು ಪುಟಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಕರೆಯುವುದಕ್ಕೂ ಕ್ರಮವಿದೆ. ಕ್ರೀ, ಅನಿಶಿನಾಬೆ, ಬ್ಲ್ಯಾಕ್‌ಫುಟ್ ಮುಂತಾದ ಜನಾಂಗಗಳಲ್ಲಿ ಏನಾದರೂ ಕೇಳಿಕೊಳ್ಳುವಾಗ ಹೊಗೆಸೊಪ್ಪು ಕೊಡುತ್ತಾರೆ. ಬಿಡಿ ಸೊಪ್ಪನ್ನು ಚಿಕ್ಕ ಬಟ್ಟೆಯಲ್ಲಿ ಕಟ್ಟಿ, ಎದುರು ನಿಂತು, ಏನು ಬೇಕು, ಯಾತಕ್ಕೆ ಬೇಕು ಅಂತ ಹೇಳಿ ನೀಡಬೇಕು. ನಮ್ಮಲ್ಲಿ ವೀಳ್ಯ ಕೊಟ್ಟು ಕೆಲಸ ಒಪ್ಪಿಸುವ ಹಾಗೆಯೇ: ತಗೊಂಡರೆ ಒಪ್ಪಿದರು ಅಂತ. ಆದ್ದರಿಂದ ಇ-ಮೇಲ್‌ನಲ್ಲಿ ಎಲ್ಲ ನಿಗದಿ ಮಾಡಿ, ಕಾರ್ಯಕ್ರಮ ಮುಗಿದ ಮೇಲೆ ಸೊಪ್ಪು ಕೊಡುವುದಕ್ಕೆ ಅರ್ಥವಿಲ್ಲ. ಉತ್ತರ ಧ್ರುವದ ಕಡೆಯ ಇನುಯಿಟ್ ಜನರಲ್ಲಿ ಈ ಪದ್ಧತಿಯಿಲ್ಲ. ಅವರಿಗೆ ಹೊಗೆಸೊಪ್ಪಿನ ಗಂಟು ಚಾಚಿದರೆ ಇವರಿಗೆ ನಾವು ಯಾರೆಂದೇ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಯಾರನ್ನು ಕರೆಯುತ್ತಿದ್ದೀರೋ ಅವರ ಜನಾಂಗದ ಪದ್ಧತಿಯನ್ನು ವಿಶ್ವವಿದ್ಯಾಲಯದ ಮೂಲನಿವಾಸಿ ವಿದ್ಯಾರ್ಥಿ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ಪ್ರಾರ್ಥನೆಗೆ ಸೇಜ್ ಅಥವಾ ಸ್ವೀಟ್‌ಗ್ರಾಸ್ ಎಂಬ ಸುವಾಸನೆಯ ಗಿಡಗಳ ಹೊಗೆ ಹಾಕುವುದಿದ್ದರೆ ಕಟ್ಟಡ ನಿರ್ವಹಣೆಯವರಿಗೆ ಮುಂಚೆಯೇ ತಿಳಿಸಿ ಆ ಕೋಣೆಯ ಹೊಗೆ ಸಂವೇದಕವನ್ನು ಅಷ್ಟು ಹೊತ್ತು ಅಲಾರಂ ವ್ಯವಸ್ಥೆಯಿಂದ ಬೇರೆ ಮಾಡಿಸಬೇಕು. ಇಲ್ಲದಿದ್ದರೆ ಪ್ರಾರ್ಥನೆಯ ನಡುವೆ ಅಗ್ನಿಶಾಮಕ ವಾಹನ ಬಂದು ನಿಲ್ಲುತ್ತದೆ. ಬಾಗಿಲಿಗೊಂದು ಸೂಚನೆ ಅಂಟಿಸಿ, ಉಬ್ಬಸ ಇರುವವರು ಹೊರಗಿರಬಹುದು.

ಇನ್ನು ಸಂಶೋಧನೆ. ಕೆನಡಾದ ಮೂರು ಸಂಶೋಧನಾ ನಿಧಿಗಳು ಒಪ್ಪಿರುವ ನೈತಿಕ ನೀತಿಯ 9ನೇ ಅಧ್ಯಾಯ ಪೂರ್ತಿ ಫಸ್ಟ್ ನೇಷನ್ಸ್ (ಕ್ರೀ, ಬ್ಲ್ಯಾಕ್‌ಫುಟ್ ಮುಂತಾದವರು), ಇನುಯಿಟ್, ಮೆಟಿ ಎಂಬ ಮೂರು ಮೂಲನಿವಾಸಿ ಗುಂಪುಗಳ ಕುರಿತದ್ದು. ಸಂಶೋಧನೆ ಸಮುದಾಯದ ಮೇಲೆ ಪರಿಣಾಮ ಮಾಡುವಂತಿದ್ದರೆ ವ್ಯಕ್ತಿಯ ಒಪ್ಪಿಗೆಯೊಂದೇ ಸಾಲದು, ಸಮುದಾಯವನ್ನೂ ತೊಡಗಿಸಿಕೊಳ್ಳಬೇಕು ಅನ್ನುವುದು ಅದರ ತಿರುಳು. ಇದರ ಜೊತೆಗೆ ಫಸ್ಟ್ ನೇಷನ್ಸ್‌ನವರೇ ರೂಪಿಸಿದ ಒಕ್ಯಾಪ್ ತತ್ವಗಳಿವೆ: ದತ್ತಾಂಶದ ಒಡೆತನ, ನಿಯಂತ್ರಣ, ಬಳಕೆಯ ಹಕ್ಕು, ಸ್ವಾಧೀನ ನಾಲ್ಕೂ ಸಮುದಾಯದ್ದು. ಒಪ್ಪಂದ ಪತ್ರದಲ್ಲಿ ನಾವು ಬಿಡದೆ ಬರೆಯುವುದು ಇಷ್ಟು: ದತ್ತಾಂಶ ಯಾವ ಸರ್ವರ್‌ನಲ್ಲಿರುತ್ತದೆ, ವಿದ್ಯಾರ್ಥಿ ಪದವಿ ಪಡೆದು ಹೋದ ಮೇಲೆ ಅದು ಯಾರ ಕೈಯಲ್ಲಿರುತ್ತದೆ, ಪ್ರಕಟಣೆಗೆ ಮುಂಚೆ ಯಾರು ಓದುತ್ತಾರೆ, ಎಷ್ಟು ದಿನದೊಳಗೆ, ಅಭಿಪ್ರಾಯ ಭೇದ ಬಂದರೆ ಅದನ್ನು ಪ್ರಬಂಧದಲ್ಲಿ ಹೇಗೆ ದಾಖಲಿಸುತ್ತೇವೆ. ಕೊನೆಯದನ್ನು ಬಿಟ್ಟವರ ಯೋಜನೆಗಳು ಅಲ್ಲಿಯೇ ಮುಗ್ಗರಿಸುತ್ತವೆ.

ಸಮಯದ ಲೆಕ್ಕವೂ ಸುಲಭದ್ದಲ್ಲ. ಸ್ನಾತಕೋತ್ತರ ಪದವಿ ಎರಡು ವರ್ಷದ್ದು. ಊರಿನ ಕೌನ್ಸಿಲ್ ಜೊತೆ ನಂಬಿಕೆ ಬೆಳೆದು ಒಪ್ಪಂದ ಆಗುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಹಾಗಾಗಿ ಹೊಸ ವಿದ್ಯಾರ್ಥಿಯನ್ನು ಸೊನ್ನೆಯಿಂದ ಕಳಿಸುವುದಿಲ್ಲ. ಸಂಬಂಧ ಇಟ್ಟುಕೊಳ್ಳುವುದು ಮಾರ್ಗದರ್ಶಕರ ಹೊಣೆ, ವಿದ್ಯಾರ್ಥಿ ನಡೆಯುತ್ತಿರುವ ಯೋಜನೆಗೆ ಸೇರಿಕೊಳ್ಳುತ್ತಾನೆ. ಇನ್ನೊಂದು ತೊಡಕು: ಈಗಿನ ಪತ್ರಿಕೆಗಳು ದತ್ತಾಂಶವನ್ನು ಎಲ್ಲರಿಗೂ ತೆರೆದಿಡಿ ಎನ್ನುತ್ತವೆ, ಒಕ್ಯಾಪ್ ಅದಕ್ಕೆ ತದ್ವಿರುದ್ಧ. ನಾವು ದತ್ತಾಂಶದ ವಿವರಣೆಯನ್ನು ಮಾತ್ರ ಹೊರಗಿಟ್ಟು, ದತ್ತಾಂಶ ಬೇಕಾದವರು ಸಮುದಾಯದ ಯಾವ ಕಚೇರಿಗೆ ಬರೆಯಬೇಕು ಎಂದು ನಮೂದಿಸುತ್ತೇವೆ. ಬಹುಪಾಲು ಸಂಪಾದಕರು ಒಪ್ಪುತ್ತಾರೆ. ಆದರೆ ಲೇಖನ ಕಳಿಸುವಾಗಲೇ ಹೇಳಿರಬೇಕು.

ಪಠ್ಯಕ್ರಮದಲ್ಲಿ ಹನ್ನೆರಡನೇ ವಾರಕ್ಕೆ ‘ಮೂಲನಿವಾಸಿ ಮನಃಶಾಸ್ತ್ರ’ ಅಂತ ಒಂದು ಉಪನ್ಯಾಸ ತುರುಕುವುದು ಎಲ್ಲರೂ ಹಿಡಿಯುವ ದಾರಿ. ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಇರುವ ಪಾಠಗಳ ಒಳಗೇ ಕೂರಿಸಿದರೆ ಯಾರೂ ಕೀಳುವುದಿಲ್ಲ. ಸಂಶೋಧನಾ ನೈತಿಕತೆಯ ಪಾಠದಲ್ಲಿ ಟಸ್ಕೆಗೀ (ಅಮೆರಿಕದಲ್ಲಿ ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ ನೋಡುತ್ತಾ ಕೂತ ಅಧ್ಯಯನ) ಪಕ್ಕದಲ್ಲೇ 1948ರಿಂದ 1952ರವರೆಗೆ ಆರು ವಸತಿಶಾಲೆಗಳಲ್ಲಿ ನಡೆದ ಪೌಷ್ಟಿಕಾಂಶ ಪ್ರಯೋಗಗಳು ಬರಬೇಕು. ಹಸಿದ ಮಕ್ಕಳಿಗೆ ಹೊಟ್ಟೆ ತುಂಬ ಕೊಡುವ ಬದಲು ಅವರ ಮೇಲೆ ಹಿಟ್ಟು, ವಿಟಮಿನ್‌ಗಳನ್ನು ಪರೀಕ್ಷಿಸಿದರು. ಒಸಡಿನ ಸ್ಥಿತಿಯನ್ನು ಅಳೆಯಬೇಕಿತ್ತು, ಫಲಿತಾಂಶ ಕೆಡುತ್ತದೆಂದು ಕೆಲವು ಹಲ್ಲಿನ ಚಿಕಿತ್ಸೆಗಳನ್ನೇ ನಿಲ್ಲಿಸಿದರು. ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಪ್ರಯೋಗ ಕೂಡದು ಎನ್ನುವ ನ್ಯೂರೆಂಬರ್ಗ್ ಸಂಹಿತೆ ಬಂದದ್ದು 1947ರಲ್ಲಿ. ಎರಡೂ ಇಸವಿಗಳನ್ನು ಒಂದೇ ಸ್ಲೈಡಿನಲ್ಲಿ ಹಾಕಿದರೆ ಸಾಕು.

ಮಾನಸಿಕ ಮಾಪನದ ಕೋರ್ಸಿಗೆ 2018ರ ಈವರ್ಟ್ ಪ್ರಕರಣದ ತೀರ್ಪು. ಜೈಲುಗಳಲ್ಲಿ ಬಳಸುತ್ತಿದ್ದ ಐದು ಅಪಾಯ ಮಾಪನ ಸಾಧನಗಳು (ಕೈದಿ ಮತ್ತೆ ಅಪರಾಧ ಮಾಡಬಹುದೇ ಎಂದು ಅಂದಾಜು ಮಾಡುವ ಪರೀಕ್ಷೆಗಳು) ಮೂಲನಿವಾಸಿ ಕೈದಿಗಳ ಮಟ್ಟಿಗೆ ನಿಖರವೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದೀಖಾನೆ ಇಲಾಖೆ ಬೇಕಾದ ಕ್ರಮ ತೆಗೆದುಕೊಳ್ಳಲಿಲ್ಲ, ಇದು ಕಾನೂನಿನ ಉಲ್ಲಂಘನೆ ಎಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. ಸಾಧನ ಎಷ್ಟು ಸಿಂಧು ಎನ್ನುವ ಒಣ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಆತ್ಮಹತ್ಯೆಯ ಬಗ್ಗೆ ಸರಾಸರಿ ಅಂಕಿ ತೋರಿಸಿ ಮುಂದೆ ಹೋಗಬೇಡಿ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫಸ್ಟ್ ನೇಷನ್ಸ್ ಜನರ 1987–1992ರ ಅಂಕಿಗಳನ್ನು ಸಂಶೋಧಕರಾದ ಚಾಂಡ್ಲರ್ ಮತ್ತು ಲಲೋಂಡ್ ಸಮುದಾಯವಾರು ಬಿಡಿಸಿದಾಗ ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಯುವಕರ ಆತ್ಮಹತ್ಯೆ ಒಂದೂ ಇರಲಿಲ್ಲ. ಸ್ವಯಮಾಡಳಿತ, ಭೂಮಿಯ ಹಕ್ಕಿನ ಹೋರಾಟ, ತಮ್ಮದೇ ಹಿಡಿತದ ಶಾಲೆ, ಆರೋಗ್ಯ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ, ಸಾಂಸ್ಕೃತಿಕ ನೆಲೆ ಈ ಆರೂ ಇದ್ದ ಕಡೆ ಲೆಕ್ಕ ಸೊನ್ನೆ. ತೊಂದರೆ ‘ಅವರ ಮನಸ್ಸಿನಲ್ಲಿದೆ’ ಎಂಬ ತೀರ್ಮಾನಕ್ಕೆ ವಿದ್ಯಾರ್ಥಿ ಬಾರದಿರಲಿ ಅಂತಲೇ ಇದನ್ನು ಮೊದಲು ಕಲಿಸುತ್ತೇವೆ.

ಎಚ್ಚರವೂ ಬೇಕು. ಮನುಷ್ಯನ ಅಗತ್ಯಗಳ ‘ಪಿರಮಿಡ್’ಗೆ ಹೆಸರಾದ ಮನಃಶಾಸ್ತ್ರಜ್ಞ ಮ್ಯಾಸ್ಲೋ 1938ರ ಬೇಸಿಗೆಯಲ್ಲಿ ಆಲ್ಬರ್ಟಾದ ಸಿಕ್‌ಸಿಕಾ ಜನರ ನಡುವೆ ಇದ್ದದ್ದು ನಿಜ. ಅವನ ಪಿರಮಿಡ್ ಅವರ ಟೀಪಿಯಿಂದ (ಶಂಕುವಿನಾಕಾರದ ಗುಡಾರ) ಕದ್ದದ್ದು ಎಂಬ ಚಿತ್ರ ಅಂತರಜಾಲದಲ್ಲಿ ಓಡಾಡುತ್ತಿದೆ, ಅದಕ್ಕೆ ಗಟ್ಟಿ ಆಧಾರವಿಲ್ಲ. ಒಳ್ಳೆಯ ಉದ್ದೇಶಕ್ಕೆ ಸಡಿಲ ಚರಿತ್ರೆ ಬಳಸಿದರೆ ಎರಡೂ ಕೆಡುತ್ತವೆ. ಹಾಗೆಯೇ ತರಗತಿಯಲ್ಲಿರುವ ಮೂಲನಿವಾಸಿ ವಿದ್ಯಾರ್ಥಿಯನ್ನು ‘ನಿಮ್ಮ ಮನೆಯವರ ಅನುಭವ ಹೇಳಿ’ ಎಂದು ಎಬ್ಬಿಸಿ ನಿಲ್ಲಿಸಬಾರದು. ವಸತಿಶಾಲೆಯ ಪಾಠ ಯಾವ ದಿನ ಎಂದು ಮೊದಲ ವಾರವೇ ತಿಳಿಸಿ, ಬಾರದಿದ್ದರೆ ಹಾಜರಿ ಕಳೆಯಬೇಡಿ. ಬದುಕುಳಿದವರಿಗಾಗಿ ಇರುವ 24 ಗಂಟೆಯ ಸಹಾಯವಾಣಿಯ ಸಂಖ್ಯೆಯನ್ನು ಪಠ್ಯಪಟ್ಟಿಯಲ್ಲೇ ಅಚ್ಚು ಹಾಕಿಸಿ.

ಪ್ರವೇಶದಲ್ಲಿ ಜಿಆರ್‌ಇ ಎಂಬ ಅರ್ಹತಾ ಪರೀಕ್ಷೆಯ ಅಂಕ ಕೇಳುವುದನ್ನು ಬಿಟ್ಟೆವು, ಸಮುದಾಯದ ಹಿರಿಯರ ಶಿಫಾರಸು ಪತ್ರಕ್ಕೂ ಪ್ರೊಫೆಸರರ ಪತ್ರದಷ್ಟೇ ತೂಕ ಕೊಟ್ಟೆವು. ಸೀಟು ಮೀಸಲಿಟ್ಟು ವಿದ್ಯಾರ್ಥಿವೇತನ ಇಡದಿದ್ದರೆ ಆ ಸೀಟು ಖಾಲಿಯೇ ಉಳಿಯುತ್ತದೆ. ಈ ಕೆಲಸಗಳ ಸಂಯೋಜಕ ಹುದ್ದೆಯನ್ನು ಎರಡು ವರ್ಷದ ಗುತ್ತಿಗೆಯ ಮೇಲೆ ತುಂಬಬೇಡಿ. ಗುತ್ತಿಗೆ ಮುಗಿದು ಆ ವ್ಯಕ್ತಿ ಹೋದರೆ ಹಿರಿಯರ ಫೋನ್ ನಂಬರು, ಕೌನ್ಸಿಲಿನ ಪರಿಚಯ, ಅರ್ಧ ಆದ ಒಪ್ಪಂದ ಎಲ್ಲವೂ ಅವರ ಜೊತೆಯಲ್ಲೇ ಹೋಗುತ್ತವೆ. ವಿಭಾಗದ ಖಾಯಂ ಬಜೆಟ್ಟಿನಲ್ಲಿ ಗೌರವಧನಕ್ಕೂ ಈ ಹುದ್ದೆಗೂ ಬೇರೆ ಬೇರೆ ಲೆಕ್ಕಶೀರ್ಷಿಕೆ ತೆರೆಸಿ.